ಹಿಂದಿನ ಗಾಜು ಮತ್ತು ಕೊನೆಯ ಪುಟ

ಮಿಶಿಗನ್‌ನಲ್ಲಿ ಒಂದು ಜನವರಿ ಕಳೆದವರಿಗೆ ಗೊತ್ತಿರುತ್ತೆ, ಬೆಳಗ್ಗೆ ಏಳಕ್ಕೆ ಕಾರಿನ ಗಾಜು ಕೆರೆಯೋದು ಎಂಥಾ ಕೆಲಸ ಅಂತ. ಮುಂದಿನ ಗಾಜಿಗೆ ಹೀಟರಿನ ಬಿಸಿಗಾಳಿ ಇದೆ. ಹಿಂದಿನದಕ್ಕೆ ಇರೋದು ಅಡ್ಡಡ್ಡ ಎಳೆದ ತೆಳ್ಳನೆ ಗೆರೆಗಳು. ಕರೆಂಟ್ ಹರಿದರೆ ಅವು ಕಾದು ಹಿಮ ಕರಗಿಸುತ್ತವೆ. ಆದರೆ ಅದರ ಬಟನ್ ಒತ್ತೋಕೆ ಕಾರೊಳಗೆ ಕೂರಬೇಕು. ಅವಸರದಲ್ಲಿ ಹಿಂದಿನ ಗಾಜು ಬಿಳಿಯಾಗಿದ್ದ ಹಾಗೇ ರಿವರ್ಸ್ ತೆಗೆದಿದ್ದೇನೆ, ಅದೂ ಮಕ್ಕಳು ಸ್ಕೂಲ್ ಬಸ್ಸಿಗೆ ಕಾಯೋ ಹೊತ್ತಿನಲ್ಲಿ. ಏನೂ ಆಗಲಿಲ್ಲ. ಆದರೆ ಅವತ್ತೇ ರಿಮೋಟ್ ಸ್ಟಾರ್ಟ್ ಇರೋ ಅಲಾರ್ಮ್ ತರಿಸಿದೆ: ಅಡುಗೆಮನೆಯಿಂದಲೇ ಎಂಜಿನ್ ಶುರುವಾಗಲಿ, ಹಿಂದಿನ ಗಾಜೂ ಕಾಯಲಿ ಅಂತ.

ನನ್ನ ತಕರಾರು ಅಲಾರ್ಮಿನ ಮೇಲಲ್ಲ, ಅದರ ಜೊತೆ ಬಂದ ಕೈಪಿಡಿಯ ಮೇಲೆ. ಒಳ್ಳೆಯದನ್ನು ಮೊದಲು ಹೇಳಿಬಿಡ್ತೀನಿ. ವೈರುಗಳ ಬಣ್ಣದ ಪಟ್ಟಿ ಸರಿಯಾಗಿದೆ, ಚಿತ್ರಗಳು ಸ್ಪಷ್ಟ. ಒಂದು ವೈರಿನ ಎದುರು ‘ಹಿಂದಿನ ಡಿಫ್ರಾಸ್ಟರ್ ಔಟ್‌ಪುಟ್’ ಅಂತಲೇ ಬರೆದಿದೆ. ಓದಿದವರು ಏನು ಮಾಡ್ತಾರೆ? ಅದನ್ನು ಎಳಕೊಂಡು ಹೋಗಿ ಡಿಫ್ರಾಸ್ಟರಿಗೇ ಸೇರಿಸ್ತಾರೆ. ನಾನೂ ಸ್ಟ್ರಿಪ್ಪರ್ ಕೈಗೆ ತಗೊಂಡಿದ್ದೆ.

ತಡೆದದ್ದು ಕೊನೆಯ ಪುಟದ ಸಣ್ಣ ಅಕ್ಷರ: ಈ ಔಟ್‌ಪುಟ್ ನೆಗೆಟಿವ್, ಗರಿಷ್ಠ 200 ಮಿಲಿಆಂಪ್. ಹಿಂದಿನ ಗಾಜು ಎಳೆಯೋದು ಸುಮಾರು 10ರಿಂದ 20 ಆಂಪ್, ಅಂದರೆ ಐವತ್ತರಿಂದ ನೂರು ಪಟ್ಟು. ನೇರ ಸೇರಿಸಿದ್ದರೆ ಗಾಜು ಕಾಯ್ತಿರಲಿಲ್ಲ, ಬಟನ್ ಒತ್ತಿದ ದಿನ ಅಲಾರ್ಮೇ ಸುಟ್ಟುಹೋಗಬಹುದಿತ್ತು. ನಡುವೆ ಒಂದು ರಿಲೇ ಬೇಕು. 30ನೇ ಪಿನ್ನಿಗೆ ಫ್ಯೂಸ್ ದಾಟಿ ಬಂದ ಬ್ಯಾಟರಿ ಪಾಸಿಟಿವ್, 87ರಿಂದ ಗಾಜಿಗೆ, 86ಕ್ಕೆ ಇಗ್ನಿಷನ್ನಿನ 12 ವೋಲ್ಟ್, 85ಕ್ಕೆ ಅಲಾರ್ಮಿನ ವೈರ್. ಅಲಾರ್ಮ್ ಬರೀ ರಿಲೇಯ ಕಾಯಿಲ್ ಎಳೆಯುತ್ತೆ, ದೊಡ್ಡ ಕರೆಂಟು ಬೇರೆ ದಾರಿಯಲ್ಲಿ ಹೋಗುತ್ತೆ. ಇಷ್ಟು ವಿವರಿಸೋಕೆ ನಾಲ್ಕು ಸಾಲು ಸಾಕಿತ್ತು.

ಎರಡನೇ ದೋಷ ಇನ್ನೂ ಸೂಕ್ಷ್ಮ. ಔಟ್‌ಪುಟ್ ‘ಪಲ್ಸ್’ ಆಗಲಿ ಅಥವಾ ‘ನಿರಂತರ’ ಆಗಲಿ, ಆರಿಸಿಕೊಳ್ಳಿ ಅನ್ನುತ್ತೆ ಕೈಪಿಡಿ. ಯಾವಾಗ ಯಾವುದು ಅನ್ನೋದಿಲ್ಲ. ಎಷ್ಟೋ ಕಾರುಗಳಲ್ಲಿ ಬಟನ್ ಒಮ್ಮೆ ಒತ್ತಿದರೆ ಸಾಕು, ಕಾರಿನದೇ ಟೈಮರ್ ಕೆಲವು ನಿಮಿಷಕ್ಕೆ ಆರಿಸುತ್ತೆ. ಆ ಸ್ವಿಚ್ ನೆಗೆಟಿವ್‌ನಿಂದ ಕೆಲಸ ಮಾಡೋದಾದರೆ ಅದರ ವೈರಿಗೆ ಒಂದು ಪಲ್ಸ್ ಕೊಟ್ಟರಾಯ್ತು, ದೊಡ್ಡ ರಿಲೇಯೂ ಬೇಡ. ಗಾಜಿಗೇ ನೇರ ಕರೆಂಟ್ ಕೊಟ್ಟರೆ ಆ ಟೈಮರನ್ನೇ ಬದಿಗೊತ್ತಿದ ಹಾಗೆ. ಎಂಜಿನ್ ನಿಂತ ಮೇಲೂ 15 ಆಂಪ್ ಹರೀತಾ ಇದ್ದರೆ, ಮೊದಲೇ ಚಳಿಗೆ ಸೊರಗಿದ ಬ್ಯಾಟರಿಗೆ ಗತಿ ಏನು?

‘ಇದು ಕಸುಬಿನವರಿಗಾಗಿ ಬರೆದದ್ದು’ ಅಂತ ಬರೆದವರು ಹೇಳಬಹುದು. ಒಪ್ಪುತ್ತೇನೆ. ಆದರೆ ದುಡ್ಡು ಕೊಟ್ಟ ಯಾರಿಗಾದರೂ ಪೆಟ್ಟಿಗೆ ಮಾರಿದ ಮೇಲೆ ಆ ಮಾತು ನಿಲ್ಲಲ್ಲ. ಕಸುಬಿನವರಿಗೆ ಗೊತ್ತಿರೋ ಸಂಗತಿಯನ್ನು ಬಿಟ್ಟು, ಅವರಿಗೆ ಗೊತ್ತಿಲ್ಲದ ಬಣ್ಣಗಳನ್ನು ಮಾತ್ರ ಹೇಳಿದ ಪುಸ್ತಕ ಇದು.

ಬೈಯ್ತಾ ಬೈಯ್ತಾ ನನಗೆ ನನ್ನದೇ ಆಫೀಸಿನ ಡಾಕ್ಯುಮೆಂಟುಗಳು ನೆನಪಾದವು. ಪ್ರತಿ ಪ್ಯಾರಾಮೀಟರಿನ ಹೆಸರೂ ಬರೆದಿರ್ತೀನಿ, ಅದು ಎಷ್ಟು ಭಾರ ಹೊರುತ್ತೆ ಅನ್ನೋದನ್ನು ಕೊನೆಗೆ ತುರುಕಿರ್ತೀನಿ. ‘ಎಲ್ರಿಗೂ ಗೊತ್ತಿರುತ್ತೆ ಬಿಡು’ ಅಂತ.

ಆ ಕೈಪಿಡಿ ಈಗ ಪಕ್ಕದ ಬೀದಿಯ ಗೆಳೆಯನ ಹತ್ತಿರ ಇದೆ. ಕೊಡೋ ಮೊದಲು ಡಿಫ್ರಾಸ್ಟರ್ ವೈರಿನ ಪಕ್ಕದಲ್ಲೇ ಪೆನ್ನಲ್ಲಿ ಬರೆದೆ: ‘ನೇರ ಸೇರಿಸಬೇಡ ಮಾರಾಯಾ. ಬರೀ 200 ಮಿಲಿಆಂಪ್. ಮೊದಲು ನಿನ್ನ ಬಟನ್ ಎಂಥದ್ದು ನೋಡು.’