ವಟವೃಕ್ಷದ ಸಾಕ್ಷ್ಯವೂ ಧರ್ಮಾಧಿಕರಣರ ಪರೀಕ್ಷೆಯೂ

ದುರ್ಗಸಿಂಹಕವಿಯ ‘ಕರ್ಣಾಟಕ ಪಂಚತಂತ್ರ’ದಲ್ಲಿ ಬರುವ ಧರ್ಮಬುದ್ಧಿ-ದುಷ್ಟಬುದ್ಧಿಗಳ ಕಥೆಯು ‘ವೃಕ್ಷಸಾಕ್ಷಿ’ ಎಂಬ ಹೆಸರಿನಿಂದ ಪಾಠಪುಸ್ತಕಗಳಲ್ಲಿಯೂ ಸೇರಿ ಕನ್ನಡಿಗರಲ್ಲಿ ಸುಪ್ರಸಿದ್ಧವಾಗಿರುವುದು. ಅದನ್ನು ಪಾಠ ಹೇಳುವವರು ಸಾಮಾನ್ಯವಾಗಿ ಧರ್ಮಕ್ಕೆ ಜಯ, ಪಾಪಕ್ಕೆ ಕ್ಷಯ ಎಂಬ ನೀತಿಯನ್ನು ತಿಳಿಸಿ ಮುಗಿಸುವರು. ನೀತಿಯೇನೋ ಸರಿಯಾದುದೇ. ಆದರೆ ಆ ಕಥೆಯಲ್ಲಿ ವಾದಿ ಪ್ರತಿವಾದಿಗಳಲ್ಲದೆ ಮೂರನೆಯ ಪಕ್ಷವೊಂದುಂಟು. ಅದು ವ್ಯಾಜ್ಯವನ್ನು ವಿಚಾರಿಸಿದ ಧರ್ಮಾಧಿಕರಣರ ಪಕ್ಷ. ಅವರು ನಡೆದುಕೊಂಡ ರೀತಿ ಎಂತಹುದು? ಅಂತಹವರನ್ನು ಪೀಠದಲ್ಲಿ ಉಳಿಸಿಕೊಳ್ಳಬಹುದೆ? ಈ ಪ್ರಶ್ನೆಯನ್ನು ಪಾಠಶಾಲೆಯಲ್ಲಿ ಕೇಳುವುದು ವಿರಳ. ಇದೇ ಪ್ರಶ್ನೆಯನ್ನು ಈಗ ಕೆಲವು ದೇಶಗಳಲ್ಲಿ ಮತಪತ್ರದ ಮೇಲೆ ಅಚ್ಚುಹಾಕಿ ಸಾಮಾನ್ಯ ಜನರ ಕೈಗೆ ಕೊಡುತ್ತಾರೆ. ಆದುದರಿಂದ ಕಥೆಯನ್ನು ಈ ಮುಖದಿಂದ ವಿಮರ್ಶಿಸುವುದು ಅಪ್ರಕೃತವಾಗಲಾರದೆಂದು ನಂಬಿದ್ದೇನೆ.

ಕಥಾಸಾರವನ್ನು ಸಂಗ್ರಹವಾಗಿ ಹೇಳುವೆನು. ವರ್ತಕರ ಮಕ್ಕಳಿಬ್ಬರು ದೇಶಾಂತರದಲ್ಲಿ ಗಳಿಸಿದ ಹೊನ್ನನ್ನು ಊರ ಹೊರಗಣ ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿಯು ಅದನ್ನು ಕದ್ದು, ಕದ್ದವನು ಧರ್ಮಬುದ್ಧಿಯೆಂದು ದೂರು ಕೊಟ್ಟು, ಆ ಮರವೇ ತನಗೆ ಸಾಕ್ಷಿಯೆನ್ನುತ್ತಾನೆ. ತಂದೆಯಾದ ಪ್ರೇಮಮತಿಯನ್ನು ರಾತ್ರಿಯಲ್ಲಿ ಮರದ ಪೊಟರೆಯೊಳಗೆ ಅಡಗಿಸುತ್ತಾನೆ. ಧರ್ಮಾಧಿಕರಣರು ಜನಸಮೇತರಾಗಿ ಮರದ ಬಳಿಗೆ ಬಂದು ಕೇಳುತ್ತಾರೆ. ಒಳಗಿನಿಂದ ಧರ್ಮಬುದ್ಧಿಯೇ ಕಳ್ಳನೆಂಬ ದನಿ ಬರುತ್ತದೆ. ಎಲ್ಲರೂ ಬೆರಗಾಗಿ ನಿಲ್ಲುತ್ತಾರೆ. ಆಗ ಧರ್ಮಬುದ್ಧಿಯು ಮರವನ್ನು ಪರೀಕ್ಷಿಸಿ, ಪೊಟರೆಯಲ್ಲಿ ಮನುಷ್ಯರಿರುವ ಸುಳಿವನ್ನು ಕಂಡು ಹೊಗೆಯಿಕ್ಕಲು, ದನಿಯ ಒಡೆಯನು ಹೊರಬೀಳುತ್ತಾನೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪೊಟರೆಯನ್ನು ಪರೀಕ್ಷಿಸಿದವನು ಆರೋಪಿ, ಪರೀಕ್ಷಿಸಬೇಕಾಗಿದ್ದವರು ಧರ್ಮಾಧಿಕರಣರು. ಅವರು ದ್ರೋಹಿಗಳಲ್ಲ, ಲಂಚಕೋರರೂ ಅಲ್ಲ. ದೂರು ಬಂದೊಡನೆ ತೀರ್ಪು ಕೊಡದೆ ಸಾಕ್ಷಿಯಿದ್ದೆಡೆಗೆ ತಾವೇ ನಡೆದುಬಂದರು; ಅದು ಅವರ ಗುಣ. ದನಿಯನ್ನು ಕೇಳಿದರು, ದನಿಯ ಮೂಲವನ್ನು ಕೇಳಲಿಲ್ಲ. ಇದು ಅವರ ದೋಷ. ನಮ್ಮ ಹಳ್ಳಿಗರು ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುವರು. ಇವರು ಕಾಣದುದನ್ನೂ ಪ್ರಮಾಣಿಸಲಿಲ್ಲ. ದುರ್ಗಸಿಂಹನು ಚಾಲುಕ್ಯ ಜಯಸಿಂಹ ಜಗದೇಕಮಲ್ಲನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಅರಮನೆಯ ವ್ಯವಹಾರಗಳನ್ನು ಹತ್ತಿರದಿಂದ ಬಲ್ಲವನು. ಅವನ ಕಥೆಯಲ್ಲಿ ಸತ್ಯವನ್ನು ಹೊರಗೆಡಹುವ ಕೆಲಸವು ಪೀಠಸ್ಥರಿಗೆ ಸಲ್ಲದೆ ಆಪಾದಿತನ ಪಾಲಿಗೆ ಬಂದುದನ್ನು ಕೇವಲ ಕಥಾಚಮತ್ಕಾರವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು.

ಹನ್ನೊಂದನೆಯ ಶತಮಾನದ ಕಥೆಗೆ ಈ ಕಾಲದ ಪ್ರಶ್ನೆಯನ್ನು ತಗುಲಿಸುವುದು ಸರಿಯೆ ಎಂದು ಯಾರಾದರೂ ಆಕ್ಷೇಪಿಸಬಹುದು. ಸಮಾಧಾನವಿಷ್ಟೆ: ವಿಚಾರಕರನ್ನೇ ವಿಚಾರಣೆಗೆ ಗುರಿಮಾಡುವ ಪ್ರಶ್ನೆ ಹೊಸತಲ್ಲ. ಅದೇ ಚಾಲುಕ್ಯವಂಶದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬-೧೧೨೬), ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಅದರ ವ್ಯವಹಾರಾಧ್ಯಾಯದಲ್ಲಿ ಈ ಪ್ರಶ್ನೆಯ ವಿಚಾರವು ಸಾಂಗವಾಗಿಯೇ ನಡೆದಿದೆ.

ಆ ಶಾಸ್ತ್ರದ ಮತವೇನು? ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ಸ್ಮೃತಿಗೆ ವಿರುದ್ಧವಾಗಿ ನಿರ್ಣಯಿಸಿದ ಸಭ್ಯರಲ್ಲಿ ಪ್ರತಿಯೊಬ್ಬನೂ ಬೇರೆಬೇರೆಯಾಗಿ ದಂಡ ತೆರಬೇಕು. ತೀರ್ಪು ಸರಿಯಾಗಿ ವಿಚಾರಿತವಾಗಿಲ್ಲವೆಂಬ ಶಂಕೆ ಬಂದರೆ ಅರಸನು ಅದನ್ನು ತಾನೇ ಮತ್ತೆ ವಿಚಾರಿಸಬೇಕು. ದುರ್ದೃಷ್ಟವೆಂದು ತಿಳಿದರೆ ಗೆದ್ದವನಿಗೂ ಸಭ್ಯರಿಗೂ ಇಮ್ಮಡಿ ದಂಡ. ಇಲ್ಲಿ ವಿಜ್ಞಾನೇಶ್ವರನು ಎರಡು ವಿವೇಕಗಳನ್ನು ಸೇರಿಸುತ್ತಾನೆ. ಸಾಕ್ಷಿಗಳ ದೋಷದಿಂದ ತೀರ್ಪು ಕೆಟ್ಟಿದ್ದರೆ ಸಾಕ್ಷಿಗಳೇ ದಂಡ್ಯರು, ಸಭ್ಯರಲ್ಲ. ಅರಸನ ಅನುಮತಿಯಿಂದಲೇ ಕೆಟ್ಟಿದ್ದರೆ ಸಭ್ಯರ ಜೊತೆಗೆ ಅರಸನೂ ದಂಡಾರ್ಹನು. ಇದರಿಂದ ಸಿದ್ಧವಾಗುವುದೇನೆಂದರೆ, ಪರೀಕ್ಷೆಯು ತೀರ್ಪಿನ ರುಚಿಯನ್ನು ಹಿಡಿದು ನಡೆಯತಕ್ಕುದಲ್ಲ; ವಿಚಾರಕನ ನಡತೆಯನ್ನು ಹಿಡಿದು ನಡೆಯತಕ್ಕುದು. ಪರೀಕ್ಷಿಸುವವನೂ ಪರೀಕ್ಷೆಯಿಂದ ಹೊರಗಿಲ್ಲ.

ಈ ಶಾಸ್ತ್ರದಲ್ಲಿ ಪ್ರಜೆಗೆ ಮತವಿಲ್ಲ, ನ್ಯಾಯಾಧಿಪತಿಯನ್ನು ಕೆಳಗಿಳಿಸುವ ಅಧಿಕಾರವಿಲ್ಲ ಎಂಬುದು ನಿಜವೇ. ದಂಡಿಸುವವನು ಅರಸನೊಬ್ಬನೇ. ಆದರೂ ಸಾಮಾನ್ಯರಿಗೆ ನ್ಯಾಯವಿಚಾರದ ಯೋಗ್ಯತೆಯೇ ಇಲ್ಲವೆಂದು ಅದು ಹೇಳಲಿಲ್ಲ. ಕುಲ, ಶ್ರೇಣಿ, ಪೂಗಗಳೆಂಬ ಜನಸಮೂಹಗಳಿಗೆ ವ್ಯವಹಾರನಿರ್ಣಯದ ಅಧಿಕಾರವನ್ನು ಒಪ್ಪಿ, ಒಂದರ ಮೇಲೊಂದನ್ನು ಮೇಲ್ಮನವಿಯ ಮೆಟ್ಟಿಲಾಗಿ ಇಟ್ಟಿದೆ. ನೇಯುವವರ, ವೀಳ್ಯದೆಲೆ ಮಾರುವವರ, ತೊಗಲು ಹದಮಾಡುವವರ ಕೂಟಗಳನ್ನು ವಿಜ್ಞಾನೇಶ್ವರನು ಶ್ರೇಣಿಗೆ ಉದಾಹರಣೆಯಾಗಿ ಎಣಿಸಿದ್ದಾನೆ. ಅರಸನ ಪೀಠದಲ್ಲಿ ಪ್ರಜೆಯೇ ಕುಳಿತಿರುವ ಈ ಕಾಲದಲ್ಲಿ ಅರಸನಿಗೆ ವಿಧಿಸಿದ ಕರ್ತವ್ಯಗಳೂ ಪ್ರಜೆಗೆ ಸಂಕ್ರಮಿಸಬೇಕಷ್ಟೆ. ಅಧಿಕಾರ ಮಾತ್ರ ಬಂದು ಕರ್ತವ್ಯವು ಹಿಂದೆ ಉಳಿಯಿತೆಂದರೆ ಯಾವ ನ್ಯಾಯ? ವ್ಯವಹಾರವನ್ನು ನೋಡುವ ಅರಸನಿಗೆ ಶಾಸ್ತ್ರವು ಮೊದಲು ವಿಧಿಸಿದುದೇ ಕ್ರೋಧಲೋಭಗಳನ್ನು ಬಿಡಬೇಕೆಂದು.

ಪ್ರಜೆಯು ಈ ಪೀಠದಲ್ಲಿ ಕುಳಿತು ಹೇಗೆ ನಡೆದುಕೊಂಡಿದ್ದಾನೆಂಬುದಕ್ಕೆ ಅಮೆರಿಕಾ ದೇಶದ ದೃಷ್ಟಾಂತಗಳಿವೆ. ಅಲ್ಲಿಯ ಮಿಸೌರಿ ರಾಜ್ಯವು ೧೯೪೦ರಲ್ಲಿ ಒಂದು ಪದ್ಧತಿಯನ್ನು ಸ್ವೀಕರಿಸಿತು. ನ್ಯಾಯಾಧಿಪತಿಯನ್ನು ಮೊದಲು ನೇಮಿಸುವುದು. ಕೆಲವು ಕಾಲ ಕೆಲಸಮಾಡಿದ ಮೇಲೆ ಎದುರಾಳಿಯಿಲ್ಲದೆ ಅವನೊಬ್ಬನ ಹೆಸರನ್ನೇ ಜನರ ಮುಂದಿಟ್ಟು, ಇವನನ್ನು ಉಳಿಸಬೇಕೆ ಬೇಡವೆ ಎಂದು ಕೇಳುವುದು. ಅನೇಕ ರಾಜ್ಯಗಳು ಇದನ್ನು ಅನುಸರಿಸಿದುವು. ಬಹುಪಾಲು ನ್ಯಾಯಾಧಿಪತಿಗಳು ಸದ್ದಿಲ್ಲದೆ ಉಳಿದುಕೊಳ್ಳುವರು. ಆದರೆ ೧೯೮೬ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಮುಖ್ಯ ನ್ಯಾಯಾಧೀಶೆ ರೋಸ್ ಬರ್ಡ್ ಅವರನ್ನೂ, ಅವರೊಡನೆ ಕ್ರೂಜ್ ರೆನೋಸೊ, ಜೋಸೆಫ್ ಗ್ರೊಡಿನ್ ಎಂಬಿಬ್ಬರನ್ನೂ ಕೆಳಗಿಳಿಸಿದರು. ಮರಣದಂಡನೆಯ ೬೧ ಮೊಕದ್ದಮೆಗಳಲ್ಲಿ ಒಂದರಲ್ಲಿಯೂ ಬರ್ಡ್ ಅವರು ಆ ಶಿಕ್ಷೆಯನ್ನು ಎತ್ತಿಹಿಡಿಯಲಿಲ್ಲವೆಂಬುದೇ ಪ್ರಚಾರದ ಮುಖ್ಯ ಮಾತು. ಆ ಪ್ರಚಾರಕ್ಕೆ ಹಣವೊದಗಿಸಿದವರಲ್ಲಿ ಉದ್ಯಮಪತಿಗಳೂ ಇದ್ದರು. ಅವರ ಹಿತವು ಬೇರೆ ಬಗೆಯ ಮೊಕದ್ದಮೆಗಳಲ್ಲಿತ್ತು. ಕೇಳಿದ ದನಿಯೊಂದು, ಪೊಟರೆಯಲ್ಲಿದ್ದವರು ಇನ್ನೊಬ್ಬರು.

ಅಯೋವಾ ರಾಜ್ಯದ ನಿದರ್ಶನವು ಇನ್ನೂ ಸ್ಪಷ್ಟವಾದುದು. ಒಂದೇ ಲಿಂಗದವರ ವಿವಾಹವನ್ನು ತಡೆಯುವ ಕಾನೂನು ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿಯೂ ಏಕಕಂಠದಿಂದ ೨೦೦೯ರಲ್ಲಿ ತೀರ್ಪಿತ್ತರು. ೨೦೧೦ರಲ್ಲಿ ಮತಕ್ಕೆ ಬಂದ ಮಾರ್ಷಾ ಟರ್ನಸ್, ಮೈಕೇಲ್ ಸ್ಟ್ರೈಟ್, ಡೇವಿಡ್ ಬೇಕರ್ ಎಂಬ ಮೂವರನ್ನು ಜನರು ತೆಗೆದುಹಾಕಿದರು. ಅಲ್ಲಿ ಈ ಪದ್ಧತಿ ೧೯೬೨ರಲ್ಲಿ ಬಂದಂದಿನಿಂದ ಆ ನ್ಯಾಯಾಲಯದವರಿಗೆ ಹಾಗಾದುದು ಅದೇ ಮೊದಲು. ಅದೇ ತೀರ್ಪಿಗೆ ಒಪ್ಪಿಗೆಯಿತ್ತಿದ್ದ ಡೇವಿಡ್ ವಿಗ್ಗಿನ್ಸ್ ಅವರು ೨೦೧೨ರಲ್ಲಿ ಉಳಿದರು. ಮಿಕ್ಕ ಮೂವರು ೨೦೧೬ರಲ್ಲಿ ಉಳಿದರು. ಅಪರಾಧವೆಂದು ಎಣಿಸಿದ ಕಾರ್ಯವೊಂದೇ, ಫಲಗಳು ಎರಡು. ವ್ಯತ್ಯಾಸಕ್ಕೆ ಕಾರಣ ಮತದ ವರ್ಷ. ಇದನ್ನು ಪರೀಕ್ಷೆಯೆನ್ನಲಾದೀತೆ? ೨೦೧೦ರಲ್ಲಿ ಹೊರರಾಜ್ಯದ ಸಂಘಗಳ ಹಣವು ಅಲ್ಲಿಗೆ ಹರಿದುಬಂದಿತ್ತು. ಆ ಮೂವರು ನ್ಯಾಯಾಧಿಪತಿಗಳಾದರೋ, ಪೀಠದ ಗೌರವಕ್ಕೆ ಕುಂದೆಂದು ಹಣವೆತ್ತಿ ಪ್ರಚಾರಮಾಡಲು ಹೋಗಲಿಲ್ಲ. ನಮ್ಮ ಕಥೆಯಲ್ಲಿ ಧರ್ಮಬುದ್ಧಿಗೆ ಮರವನ್ನು ಸುತ್ತಿನೋಡುವ ಸ್ವಾತಂತ್ರ್ಯವಿತ್ತು. ಇಲ್ಲಿ ಆಪಾದಿತರಿಗೆ ತಮ್ಮ ಧರ್ಮವೇ ಕಟ್ಟು. ಆದುದರಿಂದ ಸುತ್ತಿನೋಡುವ ಹೊಣೆಯು ಮತದಾರನೊಬ್ಬನ ಮೇಲೆಯೇ ಬಿದ್ದಿತು. ಅವನು ಬೆರಗಾಗಿ ನಿಂತ ಧರ್ಮಾಧಿಕರಣರ ಸಾಲಿಗೆ ಸೇರಿದನು.

ಇದಕ್ಕೆ ವಿಪರೀತವಾದ ದೋಷವು ಜಪಾನಿನಲ್ಲಿ ಕಾಣುವುದು. ಅಲ್ಲಿಯ ಸಂವಿಧಾನದ ೭೯ನೆಯ ವಿಧಿಯಂತೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧಿಪತಿಗಳು ನೇಮಕವಾದ ಮೇಲೆ ಬರುವ ಮೊದಲ ಮಹಾಚುನಾವಣೆಯಲ್ಲಿ ಜನರ ಪರೀಕ್ಷೆಗೆ ಒಳಗಾಗಬೇಕು. ಬೇಡವಾದವರ ಹೆಸರಿನ ಮೇಲೆ ಗುಣಾಕಾರದ ಗುರುತು ಹಾಕುವುದು. ಬರಿದಾಗಿ ಬಿಟ್ಟರೆ ಒಪ್ಪಿಗೆಯೆಂದೇ ಎಣಿಕೆ. ೧೯೪೯ರಲ್ಲಿ ಮೊದಲಾದ ಈ ಪರೀಕ್ಷೆಯಲ್ಲಿ ಒಬ್ಬರೂ ಪದಚ್ಯುತರಾದುದಿಲ್ಲ. ಎಲ್ಲರೂ ಯೋಗ್ಯರೇ ಆಗಿದ್ದಿರಬಹುದು. ಆದರೆ ಅರಿಯದೆ ಬಿಟ್ಟ ಬರಿದು ಜಾಗವನ್ನು ಅರಿತು ಕೊಟ್ಟ ಸಮ್ಮತಿಯಿಂದ ಬೇರ್ಪಡಿಸುವ ಉಪಾಯವು ಆ ಪತ್ರದಲ್ಲಿಲ್ಲ. ಮೌನವನ್ನು ಸಮ್ಮತಿಯೆಂದು ನಮ್ಮ ಶಾಸ್ತ್ರವು ಒಪ್ಪದು. ಸಭೆಯನ್ನು ಹೊಕ್ಕವನು ತಿಳಿದೂ ಮೌನವಾಗಿದ್ದರೆ, ಸುಳ್ಳಾಡಿದವನಂತೆಯೇ ಪಾಪಭಾಗಿಯೆಂದು ಮನುಸ್ಮೃತಿಯೂ ಮಿತಾಕ್ಷರೆಯೂ ಹೇಳುತ್ತವೆ.

ಈ ಮೌನದ ವಿಷಯದಲ್ಲಿ ನಮ್ಮ ದೇಶವೂ ನಿರ್ದೋಷಿಯಲ್ಲ. ನಮ್ಮ ಮತದಾರನಿಗೆ ನ್ಯಾಯಾಧಿಪತಿಯನ್ನು ತೆಗೆಯುವ ಅಧಿಕಾರ ನೇರವಾಗಿಲ್ಲ. ಸಂವಿಧಾನದ ೧೨೪ನೆಯ ವಿಧಿಯು ಅದನ್ನು ಸಂಸತ್ತಿನ ಉಭಯಸಭೆಗಳ ಮೂಲಕ ನಡೆಯತಕ್ಕುದೆಂದಿದೆ. ೧೯೯೩ರ ಮೇ ೧೧ರಂದು ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ವಿಷಯದ ನಿರ್ಣಯವು ಲೋಕಸಭೆಯಲ್ಲಿ ಮತಕ್ಕೆ ಬಂದಿತು. ವಿಚಾರಣಾಸಮಿತಿಯು ೧೪ ಆರೋಪಗಳಲ್ಲಿ ೧೧ ಸಿದ್ಧವಾದುವೆಂದು ಹೇಳಿತ್ತು. ಪರವಾಗಿ ಬಂದ ಮತಗಳು ೧೯೬. ವಿರುದ್ಧವಾಗಿ ಒಂದೂ ಇಲ್ಲ. ೨೦೫ ಮಂದಿ ಸದಸ್ಯರು ಸಭೆಯಲ್ಲಿದ್ದೂ ಮತಕೊಡಲಿಲ್ಲ. ನಿರ್ಣಯವು ಬಿದ್ದುಹೋಯಿತು. ಸಿದ್ಧವಾಗಿಲ್ಲವೆನ್ನುವವರು ಇಲ್ಲವೆನ್ನಬಹುದಾಗಿತ್ತು, ಸಿದ್ಧವಾಯಿತೆನ್ನುವವರು ಹೌದೆನ್ನಬಹುದಾಗಿತ್ತು. ಪಕ್ಷದ ಕಟ್ಟಿಗೆ ಒಳಗಾಗಿ ಬಾಯ್ಮುಚ್ಚಿ ಕುಳಿತುದಕ್ಕೆ ಶಾಸ್ತ್ರದಲ್ಲಿ ಸಮರ್ಥನೆಯನ್ನು ಹುಡುಕಿದರೆ ದೊರೆಯದು. ಕರ್ನಾಟಕದ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಪಿ. ಡಿ. ದಿನಕರನ್ ಅವರ ವಿಷಯದಲ್ಲಿಯೂ ೨೦೦೯ರಲ್ಲಿ ರಾಜ್ಯಸಭೆಯ ೭೫ ಸದಸ್ಯರು ಸೂಚನಾಪತ್ರವನ್ನು ಕೊಟ್ಟರು. ಸಮಿತಿಯ ವಿಚಾರಣೆ ಮುಗಿಯುವ ಮೊದಲೇ, ೨೦೧೧ರ ಜುಲೈಯಲ್ಲಿ, ಅವರು ರಾಜೀನಾಮೆಯಿತ್ತರು. ಆರೋಪಗಳು ಸಿದ್ಧವೂ ಆಗಲಿಲ್ಲ, ನಿರಸ್ತವೂ ಆಗಲಿಲ್ಲ. ಆಪಾದಿತನಿಗೂ ಪ್ರಜೆಗೂ ಸಲ್ಲಬೇಕಾಗಿದ್ದ ಉತ್ತರವು ಇಬ್ಬರಿಗೂ ಸಲ್ಲದೆ ಹೋಯಿತು.

ನಮ್ಮ ಹಳ್ಳಿಗಳ ಅರಳಿಕಟ್ಟೆಯ ಪಂಚಾಯಿತಿಯನ್ನೂ ಇಲ್ಲಿ ನೆನೆಯಬೇಕು. ಸೋಲೂರು ಮಾಗಡಿಗಳ ಕಡೆಯ ಜನರಿಗೆ ಕಟ್ಟೆಯ ನ್ಯಾಯವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕಟ್ಟೆಯ ಯಜಮಾನನಿಗೆ ನೇಮಕದ ಪತ್ರವಿಲ್ಲ. ಅವನ ಮಾತಿನಲ್ಲಿ ನಂಬಿಕೆ ತಪ್ಪಿದರೆ ಜನರು ಅವನಲ್ಲಿಗೆ ವ್ಯಾಜ್ಯ ತರುವುದನ್ನು ಬಿಡುವರು. ಇದೂ ಒಂದು ಬಗೆಯ ಮತವೇ. ಅವನ ನಡತೆಯನ್ನು ವರ್ಷಗಟ್ಟಲೆ ಕಂಡವರೇ ಇಲ್ಲಿ ಮತದಾರರು. ಅದು ಇದರ ಬಲ. ಆದರೆ ಭೂಮಿಯುಳ್ಳವನ ಭಯದಿಂದಲೂ ಜಾತಿಯ ಕಟ್ಟಿನಿಂದಲೂ ಬರಲೇಬೇಕಾದವರಿಗೆ ಬಿಡುವ ಸ್ವಾತಂತ್ರ್ಯವೆಲ್ಲಿಯದು? ಕಟ್ಟೆಯ ಮೇಲೆ ಹೆಂಗಸರಿಗೂ ದಲಿತರಿಗೂ ಸ್ಥಾನವನ್ನೇ ಕೊಡದೆ ಇದ್ದುದನ್ನು ಮರೆತು ಈ ಪದ್ಧತಿಯನ್ನು ಹೊಗಳುವುದು ನ್ಯಾಯವಲ್ಲ. ರಾಗಲೋಭಭಯಗಳಲ್ಲಿ ಭಯವು ವಿಚಾರಕನಿಗೆ ಮಾತ್ರವಲ್ಲ, ಪರೀಕ್ಷಿಸುವವನಿಗೂ ಅಂಟುವ ದೋಷ.

ಹಾಗಾದರೆ ಜನರಿಗೆ ಈ ಅಧಿಕಾರವೇ ಬೇಡವೆನ್ನೋಣವೆ? ಹಾಗೆನ್ನುವವರೂ ಉಂಟು. ಆದರೆ ದನಿಯ ಮೂಲವನ್ನು ಹುಡುಕಲಿಲ್ಲವೆಂದು ಧರ್ಮಾಧಿಕರಣವನ್ನೇ ಮುಚ್ಚುವವರುಂಟೆ? ಮಾಡಬೇಕಾದುದು ಹುಡುಕುವ ಸಾಧನವನ್ನು ಒದಗಿಸುವುದು. ಅಲಾಸ್ಕಾ ರಾಜ್ಯದಲ್ಲಿ ೧೯೭೬ರಿಂದ ಒಂದು ಮಂಡಲಿಯು ಮತಕ್ಕೆ ಬರುವ ಪ್ರತಿಯೊಬ್ಬ ನ್ಯಾಯಾಧಿಪತಿಯ ವಿಷಯದಲ್ಲಿ ವಕೀಲರನ್ನೂ ಪೊಲೀಸರನ್ನೂ ಇತರರನ್ನೂ ವಿಚಾರಿಸಿ, ನಿಷ್ಪಕ್ಷಪಾತ, ಸಮಚಿತ್ತತೆ, ಶಾಸ್ತ್ರಜ್ಞಾನ ಮೊದಲಾದ ಗುಣಗಳ ವರದಿಯನ್ನು ಮತದಾರರಿಗೆ ಕೊಡುತ್ತ ಬಂದಿದೆ. ಗೆದ್ದವರಾರು ಸೋತವರಾರು ಎಂಬುದನ್ನು ಬಿಟ್ಟು ವಿಚಾರಕನ ನಡತೆಯನ್ನು ಮುಂದಿಡುವ ಈ ಕ್ರಮವು ವಿಜ್ಞಾನೇಶ್ವರನ ದಾರಿಗೆ ಸಮೀಪವಾದುದು. ಮತದಾರನು ಆ ವರದಿಯನ್ನು ಓದುವನೆ ಎಂಬುದು ಬೇರೆ ಪ್ರಶ್ನೆ. ಓದಬಯಸುವವನಿಗೆ ಅದು ಕೈಗೆಟುಕುವಂತಿದೆಯೆಂಬುದು ಮುಖ್ಯ.

ಸಾಹಿತ್ಯವನ್ನು ಬೋಧಿಸುವ ಮಹಾಶಯರಲ್ಲಿ ಕಡೆಯದಾಗಿ ಒಂದು ವಿಜ್ಞಾಪನೆ. ಇಂದು ನಮ್ಮ ಮುಂದೆ ಕುಳಿತು ಈ ಕಥೆಯನ್ನು ಓದುವ ಮಕ್ಕಳು ಕೆಲವೇ ವರ್ಷಗಳಲ್ಲಿ ಮತದಾರರಾಗುವರು. ನ್ಯಾಯಾಧಿಪತಿಯ ಮೇಲೆ ಅವರು ಮತ ಹಾಕಲಿಕ್ಕಿಲ್ಲ. ಆದರೆ ಒಬ್ಬ ನ್ಯಾಯಾಧಿಪತಿಯನ್ನು ಹೊಗಳುವ, ಮತ್ತೊಬ್ಬನನ್ನು ತೆಗಳುವ ದನಿಗಳು ದಿನವೂ ಅವರ ಕಿವಿಗೆ ಬೀಳುವುವು. ಪಾಪಿಗೆ ಶಿಕ್ಷೆಯಾಯಿತೆಂದು ಸಂತೋಷಪಟ್ಟು ಪುಸ್ತಕವನ್ನು ಮುಚ್ಚುವುದಕ್ಕೆ ಮೊದಲು, ಆ ಧರ್ಮಾಧಿಕರಣರು ಪೊಟರೆಯನ್ನು ತಾವೇ ಏಕೆ ನೋಡಲಿಲ್ಲವೆಂದು ಮಕ್ಕಳನ್ನು ಕೇಳಬೇಕು. ಅವರನ್ನು ಪೀಠದಲ್ಲಿ ಉಳಿಸುವಿರಾ, ಉಳಿಸುವುದಾದರೆ ಯಾವ ಕಾರಣದಿಂದ ಎಂದೂ ಕೇಳಬೇಕು. ಉತ್ತರಗಳು ಭಿನ್ನವಾಗಲಿ, ಚಿಂತೆಯಿಲ್ಲ. ನನ್ನ ಮಟ್ಟಿಗೆ, ಸಾಕ್ಷಿಯ ದೋಷವು ಸಭ್ಯರ ದೋಷವಲ್ಲವೆಂಬ ವಿಜ್ಞಾನೇಶ್ವರನ ವಚನವನ್ನು ನೆನೆದು, ಒಂದು ಎಚ್ಚರಿಕೆಯೊಡನೆ ಅವರನ್ನು ಉಳಿಸುವ ಪಕ್ಷಕ್ಕೆ ಸೇರುವೆನು. ವಿದ್ವಾಂಸರು ಇದನ್ನು ಪರಾಮರ್ಶಿಸಿ ತಮ್ಮ ಅಭಿಪ್ರಾಯವನ್ನು ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.

ಸೋಲೂರು