ಆನೆಗೊಂದಿಯ ತರಗತಿಗೆ ಬೊಂಡಾಸ ಬೇಕೆ?

ಸ್ಕ್ವಿಡ್ ಎಂಬ ಕಡಲ ಪ್ರಾಣಿಯನ್ನು ಕೊಯ್ದು ನೋಡುವ ಪಾಠ ಇಂಗ್ಲಿಷ್ ಚಟುವಟಿಕೆ ಕೈಪಿಡಿಗಳಲ್ಲಿ ಸಾಮಾನ್ಯ. ನಮ್ಮ ಕರಾವಳಿಯಲ್ಲಿ ಇದಕ್ಕೆ ಬೊಂಡಾಸ ಎನ್ನುತ್ತಾರೆ. ಮಂಗಳೂರು, ಮಲ್ಪೆಯ ಮೀನುಪೇಟೆಗಳಲ್ಲಿ ಇದು ಆಹಾರವಾಗಿ ಮಾರಾಟವಾಗುತ್ತದೆ. ಕಡಲಿನಿಂದ ಬಹುದೂರದ, ಗಂಗಾವತಿ ತಾಲ್ಲೂಕಿನ ಆನೆಗೊಂದಿಯಂಥ ಊರಿನಲ್ಲಿ ಆರು, ಏಳನೆಯ ತರಗತಿಯ ಮಕ್ಕಳಿಗೆ ಈ ಪಾಠ ಎಷ್ಟು ಒಪ್ಪುತ್ತದೆ?

ಪಾಠದಲ್ಲಿ ಹುರುಳಿದೆ ಎಂಬುದನ್ನು ಮೊದಲೇ ಹೇಳಬೇಕು. ಬೊಂಡಾಸದ ಮೈಹೊದಿಕೆಯನ್ನು ಉದ್ದಕ್ಕೆ ಸೀಳಿದರೆ ಎರಡು ಕಿವಿರುಗಳು ಕಾಣುತ್ತವೆ. ಪ್ರತಿ ಕಿವಿರಿನ ಬುಡದಲ್ಲಿ ಒಂದೊಂದು ಹೃದಯ. ದೇಹಕ್ಕೆಲ್ಲ ರಕ್ತ ಒತ್ತುವ ಹೃದಯ ಬೇರೆ. ನೀರನ್ನು ನಳಿಕೆಯಿಂದ ಚಿಮ್ಮಿಸಿ ವೇಗವಾಗಿ ಈಜುವ ಈ ಪ್ರಾಣಿಗೆ ಆಮ್ಲಜನಕ ಹೆಚ್ಚು ಬೇಕು. ಇದರ ರಕ್ತದಲ್ಲಿರುವ, ತಾಮ್ರವುಳ್ಳ ಹೀಮೋಸಯನಿನ್ ನಮ್ಮ ಹೀಮೋಗ್ಲೋಬಿನ್‌ನಷ್ಟು ಆಮ್ಲಜನಕವನ್ನು ಹೊರಲಾರದು. ಮೂರು ಹೃದಯಗಳೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದೇ ಪ್ರಾಣಿಯ ದಪ್ಪ ನರತಂತುವಿನ ಮೇಲೆ ಪ್ರಯೋಗ ಮಾಡಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1963ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಆದರೆ ಕೈಪಿಡಿಗಳು ಈ ಪ್ರಶ್ನೆಗಳ ಮೇಲೆ ನಿಲ್ಲುವುದು ಕಡಿಮೆ. ಅಂಗಗಳ ಹೆಸರು ಬರೆಸಿ, ಒಳಗಿನ ಗರಿಯಂಥ ಪಾರದರ್ಶಕ ಪಟ್ಟಿಯನ್ನು ಪ್ರಾಣಿಯ ಮಸಿಯಲ್ಲೇ ಅದ್ದಿ ಮಕ್ಕಳಿಂದ ಹೆಸರು ಬರೆಸಿ ಮುಗಿಸುತ್ತವೆ. ಆ ಪಟ್ಟಿ ಪೂರ್ವಜರ ಚಿಪ್ಪಿನ ಅವಶೇಷ ಎಂಬ ಮುಖ್ಯ ಮಾತು ಆಟದಲ್ಲಿ ಮರೆಯಾಗುತ್ತದೆ. ಇನ್ನೂ ಗಂಭೀರವಾದ ಕೊರತೆಯೊಂದಿದೆ. ಆಮ್ಲಜನಕ ಕಳೆದುಕೊಂಡ ಹೀಮೋಸಯನಿನ್‌ಗೆ ಬಣ್ಣವಿಲ್ಲ. ಆದ್ದರಿಂದ ಪೇಟೆಯಿಂದ ತಂದ ಸತ್ತ ಬೊಂಡಾಸದಲ್ಲಿ ನೀಲಿ ರಕ್ತ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೂ ವಿದ್ಯಾರ್ಥಿ ‘ರಕ್ತ ನೀಲಿ’ ಎಂದು ಬರೆದರೆ ಅವನು ಕಲಿತದ್ದು ವೀಕ್ಷಣೆಯಲ್ಲ, ನಕಲು.

ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲೇ ಛೇದನವನ್ನು ನಿಲ್ಲಿಸುವಂತೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2014ರಲ್ಲಿ ಸೂಚಿಸಿತು. ಬೊಂಡಾಸವನ್ನು ಪಾಠಕ್ಕೆಂದು ಕೊಲ್ಲುವುದಿಲ್ಲ, ನಿಜ. ಆದರೂ ಚಿಕ್ಕ ಮಕ್ಕಳ ಕೈಗೆ ಚೂರಿ ಕೊಡುವ ಮುನ್ನ ಅದರಿಂದಲೇ ತಿಳಿಯಬೇಕಾದದ್ದು ಏನಿದೆ ಎಂದು ಅಧ್ಯಾಪಕರು ಕೇಳಿಕೊಳ್ಳಬೇಕು. ಮಾಂಸ ಮುಟ್ಟದ ಮನೆಯ ಮಗುವಿಗೆ ದೂರ ಉಳಿಯುವ ಸ್ವಾತಂತ್ರ್ಯವೂ ಇರಬೇಕು.

ಆನೆಗೊಂದಿಯ ಸುತ್ತ ಭತ್ತದ ಗದ್ದೆಗಳಿವೆ. ನೀರು ನಿಂತ ಗದ್ದೆಗಳಲ್ಲಿ ಬದುಕುವ ಪೈಲ ಎಂಬ ಬಸವನಹುಳು ಬೊಂಡಾಸದ ದೂರದ ಬಂಧು, ಎರಡೂ ಮೃದ್ವಂಗಿಗಳು. ಒಂದನ್ನು ಗಾಜಿನ ತೊಟ್ಟಿಯಲ್ಲಿಟ್ಟರೆ ಅದು ನಳಿಕೆಯನ್ನು ನೀರಿನ ಮೇಲಕ್ಕೆ ಚಾಚಿ ಗಾಳಿ ಎಳೆದುಕೊಳ್ಳುವುದನ್ನು ನೋಡಬಹುದು. ಇದಕ್ಕೆ ಕಿವಿರೂ ಉಂಟು, ಶ್ವಾಸಕೋಶವೂ ಉಂಟು. ಮುಟ್ಟಿದರೆ ಮುಚ್ಚಳ ಎಳೆದುಕೊಳ್ಳುತ್ತದೆ. ಎಷ್ಟು ನಿಮಿಷಕ್ಕೊಮ್ಮೆ ಮೇಲೆ ಬಂತು, ನೀರು ಕದಡಿದರೆ ಏನಾಯಿತು ಎಂದು ಮಕ್ಕಳೇ ಬರೆದಿಡಲಿ. ಅನಂತರ ಹುಳುವನ್ನು ಅದೇ ಗದ್ದೆಗೆ ಬಿಟ್ಟು, ಸಾಬೂನಿನಿಂದ ಕೈ ತೊಳೆಯಬೇಕು. ಹೊಳೆಗೆ ಇಳಿಯುವುದು ಬೇಡ: ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹರಿವು 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು.

ಪೈಲವನ್ನು ಹೀಗೆ ನೋಡಿದ ತರಗತಿಗೆ ಬೊಂಡಾಸದ ಚಿತ್ರ ಅಥವಾ ವಿಡಿಯೋ ತೋರಿಸಿ, ‘ಇದರ ಚಿಪ್ಪು ಎಲ್ಲಿ ಹೋಯಿತು?’ ಎಂದು ಕೇಳಿದರೆ ಮಕ್ಕಳು ತಾವೇ ಹೋಲಿಸಿ ಉತ್ತರ ಹುಡುಕುತ್ತಾರೆ. ಕರಾವಳಿಯ ಶಾಲೆಗೆ ಬೊಂಡಾಸ ನೆರೆಯ ಪ್ರಾಣಿ. ಆನೆಗೊಂದಿಯ ಪಾಠ ಗದ್ದೆಯ ಬದುವಿನಿಂದ ಆರಂಭವಾಗುವುದು ಲೇಸು.