ಬೊಂಬಾಯಿ ವಿಳಾಸದ ಉಕ್ಕು

ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ 1795ರ ಜೂನ್ ತಿಂಗಳಲ್ಲಿ ಓದಲಾದ ಒಂದು ಪ್ರಬಂಧದ ತಲೆಬರಹದಲ್ಲೇ ತಪ್ಪಿದೆ. ಬರೆದವನು ಜಾರ್ಜ್ ಪಿಯರ್ಸನ್, ವೈದ್ಯನೂ ರಸಾಯನಶಾಸ್ತ್ರಜ್ಞನೂ ಆಗಿದ್ದವನು. ವಿಷಯ ನಮ್ಮ ಮೂಸೆಯ ಉಕ್ಕು. ಅದು ಬೊಂಬಾಯಿಯಲ್ಲಿ ತಯಾರಾಗುತ್ತದೆ, ಅಲ್ಲಿ ಅದಕ್ಕೆ ವೂಟ್ಜ್ ಎನ್ನುತ್ತಾರೆ ಎಂದು ಆ ತಲೆಬರಹ ಹೇಳುತ್ತದೆ. ಉಕ್ಕು ತಯಾರಾಗುತ್ತಿದ್ದದ್ದು ಮೈಸೂರು ಸೀಮೆಯ ಹಳ್ಳಿಗಳಲ್ಲಿ, ಸೇಲಂ ಕಡೆ, ತೆಲಂಗಾಣದಲ್ಲಿ. ಬೊಂಬಾಯಿಯಿಂದ ಹೋದದ್ದು ಒಂದು ಪತ್ರ ಮತ್ತು ಉಕ್ಕಿನ ಕೆಲವು ಗಟ್ಟಿಗಳು. ಪತ್ರ ಬರೆದವನ ಊರೇ ಲೋಹದ ಹುಟ್ಟೂರಾಗಿ ದಾಖಲಾಯಿತು.

ಪತ್ರ ಬರೆದವನು ಹೆಲೆನಸ್ ಸ್ಕಾಟ್. ಬೊಂಬಾಯಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ರಸಾಯನಶಾಸ್ತ್ರದ ಗೀಳು ಹತ್ತಿದವನು. ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ 1790ರ ದಶಕದಲ್ಲಿ ಅವನು ಬರೆದ ಪತ್ರಗಳಲ್ಲಿ ಬಟ್ಟೆಗೆ ಬಣ್ಣ ಕಟ್ಟುವ ಬಗೆ, ಸುಣ್ಣದ ಗಾರೆ, ಕೊಯ್ದ ಮೂಗನ್ನು ಮತ್ತೆ ಕೂಡಿಸುವ ಶಸ್ತ್ರಚಿಕಿತ್ಸೆ ಎಲ್ಲವೂ ಬರುತ್ತವೆ. ಉಕ್ಕಿನ ಬಗ್ಗೆ ಅವನು ತಿಳಿಸಿದ್ದನ್ನು ಪಿಯರ್ಸನ್ ತನ್ನ ಪ್ರಬಂಧದ ಮೊದಲಲ್ಲೇ ಇಟ್ಟಿದ್ದಾನೆ. ಇಡೀ ಪ್ರಬಂಧದಲ್ಲಿ ಹೆಚ್ಚು ಬೆಲೆಯುಳ್ಳ ಭಾಗ ಅದೇ ಎಂದು ನಾನು ತಿಳಿದಿದ್ದೇನೆ. ಕಲ್ಲು ಕಡಿಯುವ ಉಳಿ, ಅರ, ಗರಗಸ, ಬಂದೂಕಿನಲ್ಲಿ ಚಕಮಕಿ ಕಲ್ಲು ಬಡಿಯುವ ಜಾಗ, ಇವಕ್ಕೆಲ್ಲ ಈ ಉಕ್ಕು ಬಳಕೆಯಾಗುತ್ತದಂತೆ. ತುಸುವೇ ಕೆಂಪಗೆ ಕಾಯಿಸಿ ಬಡಿಯಬೇಕು, ಹಾಗಾಗಿ ಕಮ್ಮಾರನಿಗೆ ಬಹಳ ಹೊತ್ತು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಕಾಯಿಸಿದರೆ ಒಂದು ಭಾಗ ಕರಗಿ ಹರಿಯುತ್ತದೆ, ಉಳಿದದ್ದು ಉದುರಿ ಹೋಗುತ್ತದೆ. ಬೇರೆ ಬೇರೆ ಶಾಖಕ್ಕೆ ಕರಗುವ ಎರಡು ಲೋಹಗಳು ಒಂದರಲ್ಲೇ ಸೇರಿಕೊಂಡಂತೆ ಕಾಣುತ್ತದೆ.

ಈ ಕೊನೆಯ ಮಾತಿನ ತೂಕ ಬೆಳಗಾವಿ ಬಳಿಯ ನಮ್ಮ ಮಚ್ಛೆಯ ಫೌಂಡ್ರಿಗಳಲ್ಲಿ ಭಟ್ಟಿ ನೋಡಿಕೊಳ್ಳುವವರಿಗೆ ಥಟ್ಟನೆ ತಿಳಿಯುತ್ತದೆ. ಮೂಸೆಯ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಸುಮಾರು ಒಂದೂವರೆ ಪಾಲು. ಇಂಗಾಲ ಏರಿದಷ್ಟೂ ಉಕ್ಕು ಕರಗತೊಡಗುವ ಶಾಖ ಇಳಿಯುತ್ತದೆ. ಕಣಕಣಗಳ ಸಂದಿಯಲ್ಲಿ, ಇಂಗಾಲ ಹೆಚ್ಚು ಕೂಡಿಕೊಂಡ ಕಡೆ, ಮೊದಲು ನೀರಾಗುತ್ತದೆ. ಆಗ ಸುತ್ತಿಗೆ ಬಿದ್ದರೆ ಗಟ್ಟಿ ಚೂರಾಗುತ್ತದೆ. ಕಡಿಮೆ ಇಂಗಾಲದ ಉಕ್ಕನ್ನು ಬೆಳ್ಳಗಾಗುವಷ್ಟು ಕಾಯಿಸಿ ಬಡಿದು ರೂಢಿಯಾದ ಇಂಗ್ಲೆಂಡಿನ ಕಮ್ಮಾರರ ಕೈಯಲ್ಲಿ ಇದು ಕೆಡುವುದು ಸಹಜವೇ. ಸ್ಕಾಟ್‌ಗೆ ಈ ಕಾರಣಗಳೊಂದೂ ತಿಳಿದಿರಲಿಲ್ಲ, ಆದರೂ ಅವನ ವರ್ಣನೆ ಕೂದಲೆಳೆಯಷ್ಟೂ ತಪ್ಪಿಲ್ಲ. ಎಷ್ಟು ಕೆಂಪು ಸಾಕು ಎಂಬ ಅಳತೆ ವೈದ್ಯನ ಕಣ್ಣಿನದಲ್ಲ. ಸುತ್ತಿಗೆ ಹಿಡಿದ ಯಾರೋ ಅವನಿಗೆ ಹೇಳಿದ್ದಾರೆ, ಇಲ್ಲವೇ ಮಾಡಿ ತೋರಿಸಿದ್ದಾರೆ. ಅವರ ಹೆಸರು, ಊರು ಇಲ್ಲ.

ಪಿಯರ್ಸನ್ ಆ ಗಟ್ಟಿಗಳನ್ನು ಅರೆದ, ಆಮ್ಲದಲ್ಲಿ ಕರಗಿಸಿದ, ತೂಗಿದ. ಇದು ಅದಿರಿನಿಂದ ನೇರವಾಗಿ ಬಂದ ಉಕ್ಕು, ನಡುವೆ ಎಂದೂ ಮೆದು ಕಬ್ಬಿಣದ ಸ್ಥಿತಿಯಲ್ಲಿ ಇರಲಿಲ್ಲ ಎಂದು ತೀರ್ಮಾನಿಸಿದ. ಐದೇ ವರ್ಷದ ನಂತರ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಮಾಗಡಿ ಕಡೆಯ ಕುಲುಮೆಗಳ ಮುಂದೆ ನಿಂತು ಕಂಡದ್ದು ಬೇರೆಯೇ. ಮೊದಲು ಕಬ್ಬಿಣ ಕಾಯಿಸಿ ಬಡಿದು ತುಂಡು ಮಾಡುತ್ತಾರೆ, ಹಸಿ ಮಣ್ಣಿನ ಮೂಸೆಯಲ್ಲಿ ತಂಗಡಿ ಕಟ್ಟಿಗೆಯ ಚೂರು, ಹಸಿರೆಲೆಗಳ ಜತೆ ತುಂಬುತ್ತಾರೆ, ಬಾಯಿ ಮುಚ್ಚಿ ಸುಡುತ್ತಾರೆ. ಕಟ್ಟಿಗೆಯ ಇಂಗಾಲ ಕಬ್ಬಿಣಕ್ಕೆ ಇಳಿದು ಉಕ್ಕಾಗುತ್ತದೆ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಕೆಲಸಗಾರರ ಪಾಲು, ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿ ಎಲ್ಲದರ ವಿವರ ಇದೆ. ಲಂಡನ್ನಿನ ಪ್ರಯೋಗಶಾಲೆ ತಪ್ಪಿದ್ದನ್ನು ಮಾಗಡಿಯ ಮೂಸೆ ತಿದ್ದಿತು. ಸ್ಕಾಟ್ ತನ್ನ ಪತ್ರದಲ್ಲಿ ತಯಾರಿಯ ಬಗೆ ಕೇಳಿ ಬರೆದಿದ್ದರೆ ಪಿಯರ್ಸನ್ನನ ತಪ್ಪು ಹುಟ್ಟುತ್ತಲೇ ಇರಲಿಲ್ಲ.

ಸ್ಕಾಟ್ ಕೇಳಲಿಲ್ಲವೆಂದೂ ಹೇಳಲಾಗದು. ಇಲ್ಲಿನ ಕಸುಬುದಾರರಿಂದ ಕಸುಬಿನ ಗುಟ್ಟು ತಿಳಿಯುವುದು ಬಹಳ ಕಷ್ಟ, ಅಪ್ಪನಿಂದ ಮಗನಿಗೆ ಒಂದೇ ಜಾತಿಯೊಳಗೆ ಅದು ಸಾಗುತ್ತದೆ, ಹೊರಗೆ ಬಿಟ್ಟವನಿಗೆ ಬಹಿಷ್ಕಾರದ ಭಯವಿದೆ ಎಂದು ಅವನೇ ಬ್ಯಾಂಕ್ಸ್‌ಗೆ ತಿಳಿಸಿದ್ದಾನೆ. ಈ ದೂರನ್ನು ನಾನು ಇನ್ನೊಂದು ಬದಿಯಿಂದ ಓದುತ್ತೇನೆ. ಗುಟ್ಟು ಹೇಳಿದರೆ ಏನು ಸಿಗುತ್ತದೆ ಎಂಬುದು ಆ ಕಸುಬುದಾರನಿಗೆ ಚೆನ್ನಾಗಿ ಗೊತ್ತಿತ್ತು. ವಿಜ್ಞಾನಿಗಳ ನಡುವಿನ ಪತ್ರಕ್ಕೂ ಎಲ್ಲ ಸಲ ನ್ಯಾಯ ಸಿಕ್ಕಿಲ್ಲ. ಸ್ವೀಡನ್ನಿನ ಶೀಲೆ 1774ರ ಸೆಪ್ಟೆಂಬರ್ 30ರಂದು ಲವಾಸಿಯೇಗೆ ಪತ್ರ ಬರೆದು ಆಮ್ಲಜನಕ ಪಡೆಯುವ ದಾರಿಯನ್ನು ಬಿಡಿಸಿ ಹೇಳಿದ. ಲವಾಸಿಯೇ ಆ ಪತ್ರದ ಮಾತನ್ನೇ ಎತ್ತಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ನಂತರ, 1890ರಲ್ಲಿ, ಅದು ಅಚ್ಚಿಗೆ ಬಂತು. ಆದರೂ ಶೀಲೆಗೆ ಒಂದು ಸಹಿ ಇತ್ತು, ಆ ಸಹಿಯೇ ಕೊನೆಗೆ ಸಾಕ್ಷಿ ನುಡಿಯಿತು. ಮಾಗಡಿಯವನಿಗೆ ಅದೂ ಇರಲಿಲ್ಲ.

ಸ್ಕಾಟ್‌ನ ಪತ್ರಗಳನ್ನು ನಮ್ಮ ಕಾಲದ ಓದುಗರಿಗೆ ತಲುಪಿಸಿದವರು ಧರಂಪಾಲ್. ಹದಿನೆಂಟನೆಯ ಶತಮಾನದ ಭಾರತದ ವಿಜ್ಞಾನ ತಂತ್ರಜ್ಞಾನಗಳ ಬಗ್ಗೆ 1971ರಲ್ಲಿ ಅವರು ತಂದ ಇಂಗ್ಲಿಷ್ ಸಂಕಲನದಲ್ಲಿ ಅವು ಒಂದು ಅಧ್ಯಾಯವಾಗಿವೆ. ದಫ್ತರಗಳ ಧೂಳಿನಿಂದ ಅವುಗಳನ್ನು ಎತ್ತಿ ತಂದ ಋಣ ದೊಡ್ಡದು. ನಮ್ಮಲ್ಲಿ ಕಸುಬಿತ್ತು, ವಿಜ್ಞಾನವಿರಲಿಲ್ಲ ಎಂದು ಸಲೀಸಾಗಿ ಹೇಳುತ್ತಿದ್ದವರ ಬಾಯಿ ಕಟ್ಟಿದ ಪುಸ್ತಕ ಅದು. ಆದರೆ ಪತ್ರಸಂಕಲನವಾಗಿ ಅದರಲ್ಲಿ ಕೊರತೆಯಿದೆ. ಪತ್ರವ್ಯವಹಾರದ ಒಂದೇ ಕಡೆ ಅಲ್ಲಿದೆ. ಬ್ಯಾಂಕ್ಸ್ ಏನು ಕೇಳಿದ, ಏಕೆ ಕೇಳಿದ ಎಂಬುದು ಕಾಣುವುದಿಲ್ಲ. ಗಟ್ಟಿಗಳು ಲಂಡನ್ನಿಗೆ ಹೋದದ್ದು ಬರೀ ಜ್ಞಾನದ ಹಂಬಲದಿಂದಲೇನೂ ಅಲ್ಲ. ಅಗ್ಗದ ಉಕ್ಕು ಎಲ್ಲಿ ಸಿಕ್ಕೀತು ಎಂಬ ಲೆಕ್ಕವೂ ಅದರ ಹಿಂದಿತ್ತು. ಆ ಲೆಕ್ಕ ಇಲ್ಲದೆ ಓದಿದರೆ ಸ್ಕಾಟ್‌ನ ಮೆಚ್ಚುಗೆ ನಮಗೆ ಕೊಟ್ಟ ಬಿರುದಿನಂತೆ ಕಾಣುತ್ತದೆ.

ಇದಕ್ಕೆ ಎದುರಾಗಿ ಫ್ರಾಂಕ್ ಜೇಮ್ಸ್ ಸಂಪಾದಿಸಿದ ಮೈಕೆಲ್ ಫ್ಯಾರಡೆಯ ಪತ್ರವ್ಯವಹಾರದ ಆರು ಸಂಪುಟಗಳನ್ನು ಇಡುತ್ತೇನೆ. 1991ರಿಂದ ಎರಡು ದಶಕಗಳ ಕಾಲ ನಡೆದ ಕೆಲಸ. ಫ್ಯಾರಡೆ ಬರೆದದ್ದೂ ಅವನಿಗೆ ಬಂದದ್ದೂ ಎರಡೂ ಅಲ್ಲಿವೆ. ಕಮ್ಮಾರನ ಮಗನಾದ ಫ್ಯಾರಡೆ, ಚಾಕು ಕತ್ತರಿ ಮಾಡುವ ಜೇಮ್ಸ್ ಸ್ಟೊಡಾರ್ಟ್ ಜತೆ ಸೇರಿ ನಮ್ಮ ಉಕ್ಕಿನ ಬೆನ್ನು ಹತ್ತಿದ್ದ. 1820ರ ಜೂನ್ 26ರಂದು ಜಿನೀವಾದ ಗ್ಯಾಸ್ಪಾರ್ ದ ಲಾ ರೀವ್‌ಗೆ ಬರೆದ ದೀರ್ಘ ಪತ್ರದಲ್ಲಿ ಆ ಕೆಲಸವನ್ನೆಲ್ಲ ಬಿಚ್ಚಿಟ್ಟಿದ್ದಾನೆ. ವೂಟ್ಜಿನ ಗುಣಕ್ಕೆ ಅದರಲ್ಲಿರುವ ಅಲ್ಯುಮಿನಿಯಂ ಕಾರಣ ಎಂದು ಅವನು ನಂಬಿದ್ದ. ಮುಂದಿನ ವಿಶ್ಲೇಷಣೆಗಳು ಅದನ್ನು ಒಪ್ಪಲಿಲ್ಲ. ಆ ತಪ್ಪಿನ ಬೆನ್ನು ಹತ್ತಿಯೇ ಅವನು ಬೆಳ್ಳಿ, ಪ್ಲಾಟಿನಂ, ರೋಡಿಯಂ ಬೆರೆಸಿ ಮಿಶ್ರಲೋಹಗಳ ಅಧ್ಯಯನಕ್ಕೆ ದಾರಿ ತೆರೆದ. ಅವನು ಬಿಟ್ಟುಹೋದ ಪೆಟ್ಟಿಗೆಯಲ್ಲಿದ್ದ 79 ಮಾದರಿಗಳನ್ನು ರಾಬರ್ಟ್ ಹ್ಯಾಡ್‌ಫೀಲ್ಡ್ ಪರೀಕ್ಷಿಸಿ 1931ರಲ್ಲಿ ಪ್ರಕಟಿಸಿದ. ಪತ್ರವೂ ಉಳಿಯಿತು, ಲೋಹವೂ ಉಳಿಯಿತು; ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ಪತ್ರವ್ಯವಹಾರದ ಸಂಪಾದನೆ ಹೀಗಿರಬೇಕು.

ಮಚ್ಛೆಯಲ್ಲಿ ಕೂತು ಇದನ್ನೆಲ್ಲ ಓದುವಾಗ ಇವತ್ತಿನ ಪತ್ರವ್ಯವಹಾರವೇ ಕಣ್ಣೆದುರು ನಿಲ್ಲುತ್ತದೆ. ಎರಕದ ಮುಂಚೆ ಸಣ್ಣದೊಂದು ಬೆಣೆ ಹೊಯ್ದು, ತಣಿಸಿ, ಮುರಿದು, ಮುರಿದ ಮುಖದಲ್ಲಿ ಬಿಳಿ ಎಷ್ಟು ಆಳ ಇಳಿದಿದೆ ಎಂದು ನೋಡಿಯೇ ಇಂಗಾಲ, ಸಿಲಿಕಾನ್ ಸರಿಯಿದೆಯೋ ಇಲ್ಲವೋ ಹೇಳುವವರು ಇಲ್ಲಿದ್ದಾರೆ. ಹೇಳಿದ್ದನ್ನು ಕನ್ನಡ, ಮರಾಠಿ, ಹಿಂದಿ ಬೆರೆಸಿ ವಾಟ್ಸಾಪಿನಲ್ಲಿ ಲ್ಯಾಬಿಗೆ ಕಳಿಸುತ್ತಾರೆ, ಮುರಿದ ಬೆಣೆಯ ಫೋಟೋ ಸಹಿತ. ಸ್ಕಾಟ್‌ನ ಕಾಲಕ್ಕೂ ಇವತ್ತಿಗೂ ಇರುವ ದೊಡ್ಡ ವ್ಯತ್ಯಾಸ ಇದು: ಕುಲುಮೆಯ ಮುಂದೆ ನಿಂತವನೇ ಈಗ ಬರೆಯುತ್ತಿದ್ದಾನೆ. ಫೋನ್ ಬದಲಾದಾಗ ಆ ಬರಹ ಹೋಗುತ್ತದೆ, ಭಟ್ಟಿಯ ಪ್ರತಿ ಸುತ್ತಿನ ವಿವರ ಬರೆದಿಡುವ ಹೀಟ್ ಪುಸ್ತಕ ತುಂಬಿದಾಗ ರದ್ದಿಗೆ ಬೀಳುತ್ತದೆ.

ಇದೇ ಮಚ್ಛೆಯ ರಸ್ತೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ, ಅದಕ್ಕೊಂದು ಪ್ರಸಾರಾಂಗವೂ ಇದೆ. ಸ್ಕಾಟ್‌ನ ಪತ್ರಗಳು, ಪಿಯರ್ಸನ್ನನ ಪ್ರಬಂಧ, ಬುಕನನ್ನನ ಮಾಗಡಿ ಪುಟಗಳು, ಫ್ಯಾರಡೆಯ 1820ರ ಪತ್ರ ಇಷ್ಟನ್ನು ಕನ್ನಡಕ್ಕೆ ತಂದು, ಲೋಹಶಾಸ್ತ್ರ ಬಲ್ಲವರಿಂದ ಟಿಪ್ಪಣಿ ಬರೆಸಿ, ಒಂದೇ ಸಂಪುಟದಲ್ಲಿ ಕೊಡಬೇಕು. ಜತೆಗೆ ನಮ್ಮ ಫೌಂಡ್ರಿಗಳ ಹಳೆಯ ಹೀಟ್ ಪುಸ್ತಕಗಳನ್ನು, ಬರೆದವರ ಹೆಸರಿನ ಸಮೇತ, ವಿಶ್ವವಿದ್ಯಾಲಯ ತನ್ನ ಗ್ರಂಥಾಲಯದಲ್ಲಿ ಕಾಪಿಡಬೇಕು. ಫೌಂಡ್ರಿ ನಡೆಸುವವರಲ್ಲಿ ನನ್ನ ಕೇಳಿಕೆ ಒಂದೇ: ಆ ಪುಸ್ತಕಗಳನ್ನು ದಯವಿಟ್ಟು ರದ್ದಿಯವರಿಗೆ ಕೊಡಬೇಡಿ.